ಮೂಗರ್ಜಿಯ ವ್ಯಾಕರಣ

ನಮ್ಮಲ್ಲಿ ಕವಿತೆಗೆ ವಿಮರ್ಶೆಯುಂಟು, ಕಾದಂಬರಿಗೆ ಉಂಟು, ನಾಟಕಕ್ಕೆ ಉಂಟು. ಪ್ರವಾಸಕಥನಕ್ಕೂ ಪತ್ರಸಾಹಿತ್ಯಕ್ಕೂ ವಿಮರ್ಶಕರು ದೊರೆತಿದ್ದಾರೆ. ಆದರೆ ಇವೆಲ್ಲಕ್ಕಿಂತ ಹೆಚ್ಚು ಮಂದಿ ಓದುವ, ಓದಿ ನಂಬುವ, ನಂಬಿ ನಾಲ್ಕು ಜನಕ್ಕೆ ಹೇಳುವ ಒಂದು ಬರವಣಿಗೆಯನ್ನು ಯಾವ ವಿಮರ್ಶಕರೂ ಕೈಗೆತ್ತಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಚುನಾವಣೆಯ ಕಾಲದಲ್ಲಿ ಉಮೇದುವಾರನ ಹಳೆಯ ಬದುಕನ್ನು ಕೆದಕಿ, ಬರೆದವರ ಹೆಸರಿಲ್ಲದೆ ಹೊರಡುವ ಕರಪತ್ರವೇ ಆ ಬರವಣಿಗೆ. ಅದೂ ಸಾಹಿತ್ಯವೇ ಎಂದು ವಾಚಕರು ಹುಬ್ಬೇರಿಸಬಹುದು. ಓದುವವನ ಮನಸ್ಸಿನ ಮೇಲೆ ಒಂದು ಪರಿಣಾಮವಾಗಲೆಂದು ಮಾತನ್ನು ಆಯ್ದು ಜೋಡಿಸಿದ್ದು ಯಾವುದೇ ಆಗಲಿ, ಅದು ವಿಮರ್ಶೆಗೆ ಹೊರತಲ್ಲವೆಂದು ನನ್ನ ಎಣಿಕೆ. ಕೆಟ್ಟ ಕವಿತೆಯನ್ನು ವಿಮರ್ಶಕ ಕಡೆಗಣಿಸಿದರೆ ಯಾರಿಗೂ ನಷ್ಟವಿಲ್ಲ. ಈ ಬರವಣಿಗೆಯನ್ನು ಕಡೆಗಣಿಸಿದರೆ ನಷ್ಟವಾಗುವುದು ಒಂದು ಊರಿಗೆ, ಒಮ್ಮೊಮ್ಮೆ ಒಂದು ದೇಶಕ್ಕೆ.

ಇದಕ್ಕೆ ಇಂಗ್ಲಿಷಿನವರು ಹತ್ತಾರು ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ನಮಗೆ ನಮ್ಮ ಕಚೇರಿಗಳ ಕನ್ನಡದಲ್ಲಿ ಒಂದೇ ಹೆಸರು ಸಾಕು: ಮೂಗರ್ಜಿ. ಮೂಗನ ಅರ್ಜಿ. ಬರೆದವನಿಗೆ ಕೈಯುಂಟು, ಬಾಯಿಲ್ಲ. ಹೆಸರು ಹೇಳೆಂದರೆ ಹೇಳಲಾರ, ಸಾಕ್ಷಿಗೆ ಕರೆದರೆ ಬರಲಾರ. ಈ ಹೆಸರನ್ನು ಮೊದಲು ಕಟ್ಟಿದ ಗುಮಾಸ್ತ ಯಾರೋ, ಅವನು ದೊಡ್ಡ ವಿಮರ್ಶಕನೇ ಇದ್ದಿರಬೇಕು. ಆ ಪ್ರಕಾರದ ಮುಖ್ಯ ಲಕ್ಷಣವನ್ನು ಒಂದು ಪದದಲ್ಲಿ ಹಿಡಿದಿಟ್ಟಿದ್ದಾನೆ.

ನಾನು ಬೆಳೆದದ್ದು ಬಿಳಿಗೆರೆಯಲ್ಲಿ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಸೀಮೆ ಅದು. ಆ ಕಡೆಯ ಹಳ್ಳಿಗಳಲ್ಲಿ ಮೂಗರ್ಜಿಯನ್ನು ಕಾಣದ ಊರಿಲ್ಲ. ಅದಕ್ಕೆ ಒಂದು ಸಿದ್ಧವಾದ ರೂಪವಿರುತ್ತಿತ್ತು. ಮೊದಲು ಮೇಲಿನವರಿಗೆ ಅತಿ ವಿನಯದ ವಂದನೆ. ಆಮೇಲೆ ಊರಿನ ಲೆಕ್ಕಪತ್ರದ ಒಂದು ಸಣ್ಣ ದೂರು. ಅದರಲ್ಲಿ ಒಂದಿಷ್ಟು ನಿಜವೂ ಇದ್ದೀತು. ಮೂರನೆಯ ಪ್ಯಾರಾದಲ್ಲಿ ಬರವಣಿಗೆ ಕಚೇರಿಯನ್ನು ಬಿಟ್ಟು ಮನೆಯ ಒಳಗೆ ಹೋಗುತ್ತಿತ್ತು: ಯಾವ ಮನೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು, ಯಾರ ವಿಧವೆ ಸೊಸೆ ಯಾರೊಡನೆ ಮಾತಾಡಿದಳು. ಕೊನೆಗೆ ಸಹಿಯ ಜಾಗದಲ್ಲಿ "ಸಮಸ್ತ ಗ್ರಾಮಸ್ಥರು." ಹೀಗೆ ಸಮಸ್ತ ಗ್ರಾಮಸ್ಥರ ಹೆಸರಿನಲ್ಲಿ ಹೋದ ಕಾಗದವನ್ನು ಕಂಡವರು ಊರಿನಲ್ಲಿ ಒಬ್ಬರೋ ಇಬ್ಬರೋ.

ನೆರೆಯ ಒಂದು ಹಳ್ಳಿಯ ಮೇಷ್ಟರೊಬ್ಬರ ಮೇಲೆ ಇಂಥ ಅರ್ಜಿ ಹೋಗಿತ್ತು. ವಿಚಾರಣೆ ನಡೆಯಿತು, ಏನೂ ಸಿಕ್ಕಲಿಲ್ಲ, ಅವರು ನಿರ್ದೋಷಿಯೆಂದು ಕಾಗದವೂ ಬಂತು. ಅದಾದ ಮೇಲೆ ಆ ಸೀಮೆಯಲ್ಲಿ ಅವರ ಮಾತು ಬಂದಾಗಲೆಲ್ಲ ಜನ ಹೇಳುತ್ತಿದ್ದುದು ಒಂದೇ: "ಯಾವ ಮೇಷ್ಟ್ರು? ಅರ್ಜಿ ಹೋಗಿತ್ತಲ್ಲ, ಅವರಾ?" ನಿರ್ದೋಷಿಯೆಂಬ ಕಾಗದವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಈ ವಿಷಯದಲ್ಲಿ ನನಗೆ ಮೊದಲು ಆಸಕ್ತಿ ಹುಟ್ಟಿದ್ದು ಹಾಗೆ. ಸುಳ್ಳೆಂದು ಸಾಬೀತಾದ ಮೇಲೂ ಉಳಿಯುವ ಶಕ್ತಿ ಒಂದು ಬರವಣಿಗೆಗೆ ಎಲ್ಲಿಂದ ಬರುತ್ತದೆ?

ಉತ್ತರವನ್ನು ನಾನು ವ್ಯಾಕರಣದಲ್ಲಿ ಹುಡುಕಿದೆ. ಕನ್ನಡಕ್ಕೆ 'ಅಂತೆ' ಎಂಬ ಒಂದು ಪುಟ್ಟ ಪ್ರತ್ಯಯವಿದೆ. "ಮಳೆ ಬಂತು" ಎಂದರೆ ನಾನು ಕಂಡೆ, ನೆನೆದೆ. "ಮಳೆ ಬಂತಂತೆ" ಎಂದರೆ ಯಾರೋ ಹೇಳಿದರು, ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿ ಈ ಭೇದವನ್ನು ತರಬೇಕಾದರೆ ಒಂದು ವಾಕ್ಯವನ್ನೇ ಸೇರಿಸಬೇಕು. ನಮ್ಮ ಭಾಷೆ ಅದನ್ನು ಕ್ರಿಯಾಪದದ ಬಾಲಕ್ಕೇ ಕಟ್ಟಿಬಿಟ್ಟಿದೆ. ಮಕ್ಕಳಿಗೆ ಮಾತು ಕಲಿಸುವಾಗ ಮನೆಯ ಹಿರಿಯರು ಇದನ್ನು ಬಹಳ ಎಚ್ಚರದಿಂದ ಕಲಿಸುತ್ತಿದ್ದರು. ಪಕ್ಕದ ಮನೆಯವರು ಊರುಬಿಟ್ಟು ಹೋದರೆಂದು ನಾನು ಒಮ್ಮೆ ಸುದ್ದಿ ತಂದಾಗ ಅಜ್ಜಿ, "ಹೋದ್ರು ಅನ್ಬ್ಯಾಡ ಮಗ, ಹೋದ್ರಂತೆ ಅನ್ನು. ನೀನೇನು ಕಂಡಿದ್ದಾ?" ಎಂದು ತಿದ್ದಿದ್ದುಂಟು. ಅಜ್ಜಿಗೆ ಸಾಕ್ಷ್ಯದ ಕಾನೂನು ಗೊತ್ತಿರಲಿಲ್ಲ, ಕನ್ನಡ ಗೊತ್ತಿತ್ತು.

'ಅಂತೆ ಕಂತೆ' ಎಂದು ನಾವು ಗಾಳಿಮಾತನ್ನು ಹೀಗಳೆಯುತ್ತೇವೆ. ಆದರೆ ಅಂತೆ ಎಂಬುದು ಗಾಳಿಮಾತಿನ ದೋಷವಲ್ಲ, ಅದರ ಮರ್ಯಾದೆ. 'ಅಂತೆ' ಇರುವಷ್ಟು ಕಾಲ ಕೇಳುವವನಿಗೆ ಎಚ್ಚರಿಕೆ ಇರುತ್ತದೆ. ಮೊದಲನೆಯವನು "ಹಾಗಂತೆ" ಎನ್ನುತ್ತಾನೆ. ಎರಡನೆಯವನೂ "ಹಾಗಂತೆ" ಎನ್ನುತ್ತಾನೆ. ಮೂರನೆಯವನ ಬಾಯಲ್ಲಿ ಅದು "ಹಾಗೆ" ಎಂದಾಗುತ್ತದೆ. ಬಾಯಿಮಾತಿನಲ್ಲಿ ಈ ಉದುರುವಿಕೆಗೆ ನಾಲ್ಕಾರು ದಿನವಾದರೂ ಬೇಕು. ಅಚ್ಚಾದ ಕರಪತ್ರದಲ್ಲಿ ಅದು ಒಂದೇ ರಾತ್ರಿಯ ಕೆಲಸ. ಕೇಳಿದ ಮಾತನ್ನು ಕಂಡ ಮಾತಿನ ಕ್ರಿಯಾಪದದಲ್ಲಿ ಬರೆಯುವುದು. ಮೂಗರ್ಜಿಯ ಶಿಲ್ಪವೆಲ್ಲ ಇಷ್ಟೆ. ನಮ್ಮ ಪತ್ರಿಕೆಗಳ 'ಎನ್ನಲಾಗಿದೆ' ಎಂಬ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಅದು ಅಂತೆಯೇ, ಆದರೆ ಕೋಟು ಹಾಕಿಕೊಂಡು ಬಂದ ಅಂತೆ. ಆ ಉಡುಪಿನ ಗೌರವಕ್ಕೆ ಅನೇಕರು ಅದನ್ನು ನಿಜವೆಂದೇ ಓದಿಕೊಳ್ಳುತ್ತಾರೆ.

ಇದೆಲ್ಲ ಹಳ್ಳಿಯ ಜಗಲಿಯ ವ್ಯವಹಾರ, ವಿದ್ಯಾವಂತರ ನಡುವೆ ನಡೆಯುವುದಲ್ಲ ಎಂದು ಪಟ್ಟಣದ ವಾಚಕರು ಸಮಾಧಾನ ಪಟ್ಟುಕೊಳ್ಳಬಾರದು. ಸ್ವತಂತ್ರ ಭಾರತದ ಅತ್ಯಂತ ಪ್ರಸಿದ್ಧವಾದ ಮೂಗರ್ಜಿ ಹಂಚಿಕೆಯಾದದ್ದು ದೆಹಲಿಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ. ಅದು 1969ನೆಯ ಇಸವಿಯ ರಾಷ್ಟ್ರಪತಿ ಚುನಾವಣೆ. ಆ ಕಥೆಯ ಮೊದಲ ಅಂಕ ನಡೆದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ.

ರಾಷ್ಟ್ರಪತಿ ಜಾಕಿರ್ ಹುಸೇನರು 1969ರ ಮೇ 3ರಂದು ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು. ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ, ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರನ್ನು ಪಕ್ಷದ ಉಮೇದುವಾರರನ್ನಾಗಿ ಅಲ್ಲಿ ಗೊತ್ತುಮಾಡಲಾಯಿತು. ಗಿರಿಯವರು ಜುಲೈ 20ರಂದು ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ಇದೇ ಗಿರಿಯವರು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ನಿಜಲಿಂಗಪ್ಪನವರು. ಬೆಂಗಳೂರಿನಲ್ಲಿ ಒಂದೇ ಸರ್ಕಾರದ ಎರಡು ತುದಿಗಳಲ್ಲಿ ಕುಳಿತಿದ್ದವರು ಎರಡು ವರ್ಷ ಕಳೆದ ಮೇಲೆ ಎದುರುಬದುರಾದರು.

ಆ ಹೋರಾಟದಲ್ಲಿ ಎರಡು ಬಗೆಯ ಬರವಣಿಗೆ ಹುಟ್ಟಿತು. ಒಂದು, ಪತ್ರಯುದ್ಧ. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಕ್ಕಾಗಿ ಸ್ವತಂತ್ರ ಪಕ್ಷ, ಜನಸಂಘಗಳ ಮುಖಂಡರೊಡನೆ ಮಾತಾಡಿದ್ದರು. ಇದು ಪಕ್ಷದ ತತ್ತ್ವಕ್ಕೆ ದ್ರೋಹವೆಂದು ಜಗಜೀವನ ರಾಂ ಮತ್ತು ಫಕ್ರುದ್ದೀನ್ ಅಲಿ ಅಹಮದರು ಅವರಿಗೆ ಪತ್ರ ಬರೆದು ವಿವರಣೆ ಕೇಳಿದರು. ಕಟುವಾದ ಆರೋಪವೇ. ಆದರೆ ಕೆಳಗೆ ಸಹಿಯಿತ್ತು. ಆರೋಪ ಒಂದು ರಾಜಕೀಯ ಕೃತ್ಯದ ಮೇಲಿತ್ತು. ಆರೋಪ ಹೊತ್ತವರಿಗೆ ಉತ್ತರ ಬರೆಯಲು ವಿಳಾಸ ಗೊತ್ತಿತ್ತು. ದೇಶ ಎರಡು ಕಡೆಯ ಮಾತನ್ನೂ ಓದಿತು. ಜಗಳವಾಯಿತು, ವರ್ಷ ಮುಗಿಯುವುದರೊಳಗೆ ಪಕ್ಷವೇ ಒಡೆಯಿತು. ಆದರೂ ಆ ಪತ್ರಗಳು ಪ್ರಜಾಪ್ರಭುತ್ವದ ಸಾಹಿತ್ಯವೇ ಎಂದು ನಾನು ಒಪ್ಪುತ್ತೇನೆ.

ಎರಡನೆಯ ಬಗೆಯದು, ಆಗಸ್ಟ್ ತಿಂಗಳಲ್ಲಿ, ಮತದಾನಕ್ಕೆ ಒಂದು ವಾರವಿರುವಾಗ ಕಾಣಿಸಿಕೊಂಡ ಕರಪತ್ರ. ಬರೆದವರ ಹೆಸರಿಲ್ಲ, ಅಚ್ಚುಮಾಡಿದವರ ಹೆಸರಿಲ್ಲ. ಸಂಜೀವ ರೆಡ್ಡಿಯವರ ಖಾಸಗಿ ನಡತೆಯ ಮೇಲೆ, ಹೆಂಗಸರ ವಿಷಯದಲ್ಲಿ, ಹೊಲಸು ಆರೋಪಗಳು. ಅವು ಏನೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಶತಮಾನದ ಮೇಲೂ ಆ ಮೂಗನಿಗೆ ನಾನೇ ಬಾಯಿ ಕೊಟ್ಟಂತಾದೀತು. ಅದು ಸೆಂಟ್ರಲ್ ಹಾಲಿನಲ್ಲಿ ಕೈಯಿಂದ ಕೈಗೆ ಹೋಯಿತು, ಅಂಚೆಯಲ್ಲೂ ಮತದಾರರ ಮನೆಗೆ ಹೋಯಿತು. ಈ ಚುನಾವಣೆಯ ಸ್ವರೂಪವೇ ಅದಕ್ಕೆ ಅನುಕೂಲವಾಗಿತ್ತು. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ಭಾಷಣವಿಲ್ಲ, ಮೈದಾನದ ಸಭೆಯಿಲ್ಲ. ಒಂದು ಸಣ್ಣ ಕಟ್ಟು ಕಾಗದ ಸಾಕು, ಮತದಾರರಲ್ಲಿ ದೊಡ್ಡ ಭಾಗವನ್ನು ಮುಟ್ಟಬಹುದು. ಅದನ್ನು ಓದಿದವರು ಅಕ್ಷರ ಬಾರದವರಲ್ಲ, ಶಾಸನಗಳನ್ನು ಮಾಡುವವರು.

ಆಗಸ್ಟ್ 16ರಂದು ಮತದಾನವಾಯಿತು. ಅಂತರಾತ್ಮಕ್ಕೆ ಒಪ್ಪುವಂತೆ ಮತ ಹಾಕಿರೆಂದು ಪ್ರಧಾನಿಯ ಕರೆಯಿತ್ತು. ಎಣಿಕೆಯಲ್ಲಿ ಮೊದಲ ಸುತ್ತಿಗೆ ಯಾರೂ ಗೆಲ್ಲಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳು ಸೇರಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಸೋತ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಐವರು ನ್ಯಾಯಮೂರ್ತಿಗಳ ಮುಂದೆ ವಿಚಾರಣೆ ನಡೆಯಿತು. ರಾಷ್ಟ್ರಪತಿಯಾಗಿದ್ದ ಗಿರಿಯವರು ತಾವೇ ಬಂದು ಸಾಕ್ಷ್ಯ ಹೇಳಿದರು. ಅಂಥದ್ದು ಹಿಂದೆ ನಡೆದಿರಲಿಲ್ಲ.

ಆ ಮೊಕದ್ದಮೆಯಲ್ಲಿ ಕಾನೂನಿಗೆ ಒದಗಿದ ಕಷ್ಟವನ್ನು ಗಮನಿಸಬೇಕು. ಶಾಸನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಉಮೇದುವಾರನ ನಡತೆಯ ಮೇಲೆ ತಿಳಿದೂ ಸುಳ್ಳು ಹಬ್ಬಿಸುವುದು ಭ್ರಷ್ಟಾಚಾರವೆಂದು ಪ್ರತ್ಯೇಕವಾಗಿಯೇ ಹೇಳಿದೆ. 1952ರ ರಾಷ್ಟ್ರಪತಿ ಚುನಾವಣೆಯ ಶಾಸನದಲ್ಲಿ ಹೆಸರಿಸಿದ್ದ ಅಪರಾಧಗಳು ಲಂಚ ಮತ್ತು ಅನುಚಿತ ಪ್ರಭಾವ, ಎರಡೇ. ದೇಶದ ಅತ್ಯುನ್ನತ ಸ್ಥಾನಕ್ಕೆ ನಡೆಯುವ ಚುನಾವಣೆಯಲ್ಲಿ ಚಾಡಿಕೋರತನ ಹುಟ್ಟೀತೆಂದು ಶಾಸನ ಮಾಡಿದವರಿಗೆ ತೋರಿರಲಿಲ್ಲವೆಂದು ಕಾಣುತ್ತದೆ. ಹೀಗಾಗಿ ಕರಪತ್ರವನ್ನು 'ಅನುಚಿತ ಪ್ರಭಾವ'ದ ಒಳಗೆ ತರಬಹುದೇ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ತರಬಹುದೆಂದು ಬಹುಮತದ ತೀರ್ಪು ಹೇಳಿತು. ಕರಪತ್ರ ಹಂಚಿದ್ದು ನಿಜವೆಂದೂ ಹೇಳಿತು. ಆದರೆ ಗಿರಿಯವರೋ ಅವರ ಸಮ್ಮತಿಯಿಂದ ಮತ್ತೊಬ್ಬರೋ ಹಂಚಿದರೆಂದು ಸಾಬೀತಾಗಲಿಲ್ಲ. ಫಲಿತಾಂಶ ಅದರಿಂದ ಬದಲಾಯಿತೆಂದೂ ಸಾಬೀತಾಗಲಿಲ್ಲ. ಅರ್ಜಿಗಳು ವಜಾ ಆದವು.

ನ್ಯಾಯಾಲಯ ತನ್ನ ಕೆಲಸವನ್ನು ಮಾಡಿತು. ಅದು ಹುಡುಕಿದ್ದು ಕರ್ತೃವನ್ನು; ಮೂಗರ್ಜಿಯಲ್ಲಿ ಇಲ್ಲದಿರುವುದೇ ಕರ್ತೃ. ಕರ್ತೃವಿಲ್ಲದ ವಾಕ್ಯಕ್ಕೆ ಶಿಕ್ಷೆ ವಿಧಿಸುವುದು ಯಾವ ನ್ಯಾಯಾಲಯಕ್ಕೂ ಕಷ್ಟ. ಚುನಾವಣೆಯ ಸುಳ್ಳು ಹೇಳಿಕೆಗೆ ಹಳೆಯ ದಂಡಸಂಹಿತೆಯಲ್ಲಿ ಇದ್ದದ್ದು ಜುಲ್ಮಾನೆ ಮಾತ್ರ. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಜುಲ್ಮಾನೆಯೇ. ಆದ್ದರಿಂದ ಕಾನೂನು ನಿಲ್ಲುವ ಕಡೆಯಿಂದ ಓದುಗನ ವಿವೇಕ ಹೊರಡಬೇಕು. ವಿಮರ್ಶೆಯ ಕೆಲಸ ಅಲ್ಲಿ.

ಕರ್ತೃವಿನ ಮಾತಾಯಿತು. ಕರ್ಮದ ಮಾತನ್ನೂ ನೋಡೋಣ. ಇಂಥ ಬರವಣಿಗೆಯ ಏಟು ಬೀಳುವುದು ಯಾರ ಮೇಲೆ? ಉಮೇದುವಾರನ ಮೇಲೆ ಎಂದು ತೋರುತ್ತದೆ. ನಿಜವಾಗಿ ಅದು ಚುನಾವಣೆಗೆ ನಿಲ್ಲದವರ ಮೇಲೆ, ಹೆಚ್ಚಾಗಿ ಹೆಂಗಸರ ಮೇಲೆ ಬೀಳುತ್ತದೆ. ನಮಗಿಂತ ಬಹಳ ಹಿಂದಿನಿಂದ ರಾಷ್ಟ್ರಾಧ್ಯಕ್ಷರನ್ನು ಚುನಾಯಿಸುತ್ತ ಬಂದಿರುವ ಅಮೆರಿಕದಲ್ಲಿ ಇದಕ್ಕೆ ಬೇಕಾದಷ್ಟು ನಿದರ್ಶನಗಳಿವೆ. 1828ರಲ್ಲಿ ಆಂಡ್ರ್ಯೂ ಜಾಕ್ಸನ್ ನಿಂತಾಗ, ಹಲವು ದಶಕಗಳ ಹಿಂದಿನ ಅವನ ಮದುವೆಯ ಗೊಂದಲವನ್ನು ಎದುರಾಳಿಗಳು ಕೆದಕಿದರು. ಅವನ ಹೆಂಡತಿ ರೇಚೆಲ್ ಮೊದಲ ಗಂಡನಿಂದ ಕ್ರಮವಾಗಿ ಬಿಡುಗಡೆಯಾಗುವ ಮುನ್ನ ಮದುವೆಯಾದಳೆಂದು ಆಕೆಯ ಮಾನವನ್ನು ಬೀದಿಗೆ ಎಳೆದರು. ಜಾಕ್ಸನ್ ಗೆದ್ದ. ರೇಚೆಲ್ ಅವನ ಅಧಿಕಾರಸ್ವೀಕಾರವನ್ನು ನೋಡಲಿಲ್ಲ. ಆ ಡಿಸೆಂಬರಿನಲ್ಲಿಯೇ ತೀರಿಕೊಂಡಳು.

ಇಲ್ಲಿ ಜಾಣ ವಾಚಕರು ಒಂದು ಆಕ್ಷೇಪ ತೆಗೆಯಬಹುದು. ಆರೋಪ ನಿಜವೇ ಆಗಿದ್ದರೆ? ದೇಶ ಆಳಲು ಹೊರಟವನ ಶೀಲವನ್ನು ತಿಳಿಯುವ ಹಕ್ಕು ಮತದಾರನಿಗೆ ಇಲ್ಲವೆ? ಇದು ಗಟ್ಟಿಯಾದ ಆಕ್ಷೇಪ. ಇದಕ್ಕೆ ಜೆಫರ್ಸನನ ಕಥೆಯೇ ಸರಿಯಾದ ಪರೀಕ್ಷೆ. ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಿಕಾ ಬರಹಗಾರ ಮೊದಲು ಜೆಫರ್ಸನನ ಪರವಾಗಿ ಅವನ ಎದುರಾಳಿ ಆಡಮ್ಸನನ್ನು ಹಳಿದ. ಬಯಸಿದ ಹುದ್ದೆ ಸಿಕ್ಕದಿರಲು 1802ರಲ್ಲಿ ಜೆಫರ್ಸನನ ಮೇಲೆಯೇ ತಿರುಗಿಬಿದ್ದ. ಜೆಫರ್ಸನನಿಗೆ ತನ್ನ ಮನೆಯ ಗುಲಾಮಳಾದ ಸ್ಯಾಲಿ ಹೆಮಿಂಗ್ಸಳಲ್ಲಿ ಮಕ್ಕಳಿದ್ದಾರೆಂದು ಬರೆದ. ಸುಮಾರು ಇನ್ನೂರು ವರ್ಷ ಅದನ್ನು ಹಗೆಯ ಕಟ್ಟುಕಥೆಯೆಂದು ಅನೇಕ ಚರಿತ್ರಕಾರರು ತಳ್ಳಿಹಾಕಿದರು. 1998ರಲ್ಲಿ ನಡೆದ ಡಿಎನ್‌ಎ ಪರೀಕ್ಷೆ ಆ ಮಾತಿಗೆ ಬಲ ಕೊಟ್ಟಿತು. ಈಗ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುತ್ತಾರೆ. ಹಾಗಾದರೆ ಕ್ಯಾಲೆಂಡರ್ ಸರಿಯೇ?

ಅವನ ಸಂಗತಿ ಸರಿಯಾಗಿತ್ತು, ಅವನ ಆರೋಪ ತಪ್ಪಾಗಿತ್ತು. ಜೆಫರ್ಸನನ ಮೇಲೆ ಹೊರಿಸಬೇಕಾಗಿದ್ದ ಆರೋಪ ಬೇರೆ ಇತ್ತು: ಮನುಷ್ಯರೆಲ್ಲ ಸಮಾನರೆಂದು ಬರೆದ ಕೈ ನೂರಾರು ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡಿತ್ತು, ಈ ಹೆಂಗಸು ಅವರಲ್ಲಿ ಒಬ್ಬಳು. ಬೇಡವೆನ್ನುವ ಸ್ವಾತಂತ್ರ್ಯವೇ ಅವಳಿಗೆ ಇರಲಿಲ್ಲ. ಕ್ಯಾಲೆಂಡರನಿಗೆ ಬೇಕಾಗಿದ್ದು ಅದಲ್ಲ. ಅವನು ಅವಳ ಬಣ್ಣವನ್ನು ಹಿಡಿದು ನಗೆಯಾಡಿದ, ಓದಿದವರು ನಕ್ಕರು. ನಕ್ಕ ಮೇಲೆ ಗುಲಾಮಗಿರಿಯ ಪ್ರಶ್ನೆ ಅಲ್ಲಿಯೇ ಉಳಿಯಿತು. ಸ್ಯಾಲಿಯನ್ನು ಯಾರೂ ಏನೂ ಕೇಳಲಿಲ್ಲ. ಜೆಫರ್ಸನ್ 1804ರಲ್ಲಿ ಮತ್ತೆ ಗೆದ್ದ. ಹೊಲಸನ್ನು ಹರಡುವ ಬರವಣಿಗೆ ಎಷ್ಟೋ ವೇಳೆ ಎದುರಾಳಿಗೆ ಉಪಕಾರವನ್ನೇ ಮಾಡುತ್ತದೆ. ಅವನು ಉತ್ತರಿಸಲೇಬೇಕಾಗಿದ್ದ ಪ್ರಶ್ನೆಯನ್ನು ಅದು ಮುಚ್ಚಿಬಿಡುತ್ತದೆ.

ನಮ್ಮ 1969ರಲ್ಲಿಯೂ ಹೀಗೆಯೇ ಆಯಿತೆಂದು ನನ್ನ ಅಭಿಪ್ರಾಯ. ಸಂಜೀವ ರೆಡ್ಡಿಯವರ ಹಳೆಯ ಬದುಕಿನಲ್ಲಿ ಬಹಿರಂಗವಾಗಿ ಕೇಳಬಹುದಾಗಿದ್ದ ಒಂದು ಪ್ರಶ್ನೆ ನಿಜವಾಗಿಯೂ ಇತ್ತು. ಅವರು ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ ಕರ್ನೂಲು ಜಿಲ್ಲೆಯ ಬಸ್ ಮಾರ್ಗಗಳನ್ನು ರಾಷ್ಟ್ರೀಕರಿಸಿದ ಕ್ರಮದಲ್ಲಿ ದುರುದ್ದೇಶವಿತ್ತೆಂದು ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿತ್ತು. ಅವರು ಮುಖ್ಯಮಂತ್ರಿ ಪದವಿಯನ್ನು ಬಿಟ್ಟಿದ್ದರು. ಅಧಿಕಾರವನ್ನು ಹೇಗೆ ಬಳಸಿದರೆಂಬುದು ಅಧಿಕಾರ ಕೊಡಬೇಕಾದವರು ಕೇಳಲೇಬೇಕಾದ ಪ್ರಶ್ನೆ. ತೀರ್ಪು ಅಚ್ಚಾಗಿತ್ತು, ಎಲ್ಲರ ಕೈಗೂ ಸಿಕ್ಕುತ್ತಿತ್ತು. ಅದಕ್ಕೆ ರೆಡ್ಡಿಯವರ ಸಮಾಧಾನವೂ ಇದ್ದಿರಬಹುದು. ಸಮಾಧಾನ ಕೇಳಿ ತೂಗಿ ನೋಡಬಹುದಾಗಿತ್ತು. ಕರಪತ್ರ ಬರೆದವನು ಆ ರಾಜಮಾರ್ಗವನ್ನು ಬಿಟ್ಟು ಹಿತ್ತಿಲ ಬಾಗಿಲಿಗೆ ಹೋದ. ಆ ಚುನಾವಣೆಯ ಮಾತು ಬಂದಾಗ ಇಂದು ಕರಪತ್ರ ನೆನಪಾಗುತ್ತದೆ, ಕರ್ನೂಲು ಯಾರಿಗೂ ನೆನಪಾಗುವುದಿಲ್ಲ.

ಹಳೆಯ ಹಗರಣವನ್ನು ಚುನಾವಣೆಯಲ್ಲಿ ಎತ್ತಲೇಬಾರದೆಂದು ನಾನು ಹೇಳುವುದಿಲ್ಲ. 1884ರಲ್ಲಿ ಅಮೆರಿಕದಲ್ಲಿ ಗ್ರೋವರ್ ಕ್ಲೀವ್‌ಲೆಂಡನಿಗೂ ಜೇಮ್ಸ್ ಬ್ಲೇನನಿಗೂ ಸ್ಪರ್ಧೆ ನಡೆಯಿತು. ಕ್ಲೀವ್‌ಲೆಂಡನಿಗೆ ಮದುವೆಯ ಹೊರಗೆ ಒಂದು ಮಗುವಿದೆಯೆಂದು ಒಂದು ಕಡೆಯವರು ಸಾರಿದರು. ಬ್ಲೇನ್ ರೈಲ್ವೆ ಕಂಪೆನಿಗಳಿಗೆ ಉಪಕಾರಮಾಡಿ ಲಾಭ ಪಡೆದನೆಂದು ಇನ್ನೊಂದು ಕಡೆಯವರು ಅವನದೇ ಪತ್ರಗಳನ್ನು ಹೊರಹಾಕಿದರು. ಒಂದು ಮನೆಯ ವಿಷಯ, ಒಂದು ಬೊಕ್ಕಸದ ವಿಷಯ. ಏನು ಹೇಳಬೇಕೆಂದು ಬೆಂಬಲಿಗರು ಕೇಳಿದಾಗ, ಸತ್ಯವನ್ನೇ ಹೇಳಿ ಎಂದು ಕ್ಲೀವ್‌ಲೆಂಡ್ ತಂತಿ ಕಳುಹಿಸಿದ. ಜನ ಎರಡನ್ನೂ ತೂಗಿದರು. ಬಹು ಅಲ್ಪ ಅಂತರದಲ್ಲಿ ಅವನನ್ನು ಆರಿಸಿದರು. ಇಲ್ಲಿಯೂ ಆ ಮಗುವಿನ ತಾಯಿ ಪಟ್ಟ ಪಾಡನ್ನು ತೂಗಿದವರು ಕಡಿಮೆ. ಆದರೆ ಉತ್ತರ ಹೇಳಲು ಹೊತ್ತು ಇತ್ತು, ಉತ್ತರ ಹೇಳುವವನು ಎದುರಿಗೆ ನಿಂತ, ಅಷ್ಟು ಮಟ್ಟಿಗೆ ಅದು ಚರ್ಚೆಯಾಯಿತು.

ಬೈಗುಳವನ್ನೂ ನಾನು ಮೂಗರ್ಜಿಯ ಸಾಲಿಗೆ ಸೇರಿಸಲಾರೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ನಿಂತಾಗ, ಅವರನ್ನು ಸಿಂಹಿಣಿಯೆಂದೂ ಎದುರಾಳಿಗಳನ್ನೆಲ್ಲ ಮುಸುವಗಳೆಂದೂ ಕರೆದ ಘೋಷಣೆ ಬೀದಿಬೀದಿಯಲ್ಲಿ ಮೊಳಗಿತು. ಅದು ಸಭ್ಯವಾಗಿರಲಿಲ್ಲ. ಆದರೆ ಯಾರ ಬಾಯಿಂದ ಬಂತೆಂದು ಎಲ್ಲರಿಗೂ ಗೊತ್ತಿತ್ತು, ಅದನ್ನು ಸಂಗತಿಯೆಂದು ಯಾರೂ ನಂಬಲಿಲ್ಲ. ವಿಡಂಬನೆಯ ಮಾತೂ ಹಾಗೆಯೇ. 1942ರಿಂದ 1967ರವರೆಗೆ ನಡೆದ 'ಕೊರವಂಜಿ' ಪತ್ರಿಕೆ ದೊಡ್ಡವರನ್ನೂ ಬಿಡದೆ ಕುಟುಕಿತು. ರಾಶಿಯವರು ಕಾವ್ಯನಾಮದಲ್ಲಿ ಬರೆದರೂ ಅವರು ಡಾಕ್ಟರ್ ಶಿವರಾಮ್ ಎಂಬುದು ಬೆಂಗಳೂರಿಗೆಲ್ಲ ತಿಳಿದಿತ್ತು. ಕಾವ್ಯನಾಮಕ್ಕೂ ಮೂಗತನಕ್ಕೂ ಇರುವ ಅಂತರ ಇಷ್ಟು: ಒಂದರ ಬಾಗಿಲು ತಟ್ಟಿದರೆ ಒಳಗಿಂದ ಯಾರೋ ಓಗೊಡುತ್ತಾರೆ.

ಇನ್ನು ಉಳಿದದ್ದು ಕೇಳುವವನ ಪಾಲು. ಈ ವಿಷಯದಲ್ಲಿ ನಮ್ಮ ಕಾವ್ಯಪರಂಪರೆ ಕೊಡುವ ಬೆಳಕು ದೊಡ್ಡದು. ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗವನ್ನು ಹಿಂದಿನ ತಲೆಮಾರಿನವರು ಕಣ್ಣೀರಿಟ್ಟು ಕೇಳುತ್ತಿದ್ದರು. ಅಲ್ಲಿ ಅಗಸ ಆಡಿದ ಮಾತು ಒಂದು. ಅವನನ್ನು ನಾವು ಕಾಲದಿಂದ ಶಪಿಸುತ್ತ ಬಂದಿದ್ದೇವೆ. ಆದರೆ ನಿಧಾನವಾಗಿ ನೋಡಿದರೆ ಅವನು ಮೂಗನಲ್ಲ. ತನ್ನ ಸಂಸಾರದ ಸಿಟ್ಟಿನಲ್ಲಿ, ತನ್ನ ಬಾಯಿಂದ, ತನ್ನವರ ಎದುರಿಗೆ ಆಡಿದ. ಅದನ್ನು ಎತ್ತಿ ತಂದವನು ಚಾರ. ಅದನ್ನು ತೀರ್ಪೆಂದು ಸ್ವೀಕರಿಸಿದವನು ದೊರೆ. ಕಾಡಿಗೆ ಹೋದವಳು ಸೀತೆ. ಆಡಿದ್ದಕ್ಕಿಂತ ಸಾಗಿಸಿದ್ದು, ಸಾಗಿಸಿದ್ದಕ್ಕಿಂತ ನಂಬಿ ನಡೆದದ್ದು ಹೆಚ್ಚು ಕೇಡನ್ನು ಮಾಡಿತು. ಪ್ರಜಾಪ್ರಭುತ್ವದಲ್ಲಿ ದೊರೆ ಮತದಾರ. ಆ ಪೀಠದಲ್ಲಿ ಈಗ ನಾವು ಕುಳಿತಿದ್ದೇವೆ. ಚಾರನ ಕೆಲಸವನ್ನೂ ನಾವೇ ಮಾಡುತ್ತಿದ್ದೇವೆ.

ಹಿಂದೆ ಚಾರನಿಗೆ ಕಾಲು ಬೇಕಾಗಿತ್ತು. ಈಗ ಒಂದು ಬೆರಳು ಸಾಕು. ಮೊಬೈಲಿನಲ್ಲಿ ಬರುವ ವಾಟ್ಸಾಪ್ ಸಂದೇಶದ ನೆತ್ತಿಯ ಮೇಲೆ, ಇದು ಬೇರೆ ಕಡೆಯಿಂದ ಬಂದದ್ದು, ಹಲವು ಸಲ ದಾಟಿಸಿದ್ದು ಎಂಬ ಸಣ್ಣ ಗುರುತು ಕಾಣುತ್ತದೆ. ಯಂತ್ರಕ್ಕೂ 'ಅಂತೆ' ಎನ್ನಲು ಬರುತ್ತದೆಂದು ನನಗೆ ಅದನ್ನು ಕಂಡಾಗ ಅನ್ನಿಸಿತು. ಮನುಷ್ಯರಾದ ನಾವು ಅದನ್ನು ಓದುವುದಿಲ್ಲ. ಕಾ‌ಗದದ ಕಾಲದಲ್ಲಿಯೂ ಹೀಗೊಂದು ಗುರುತಿತ್ತು. ಚುನಾವಣೆಯ ಕರಪತ್ರದ ಮೇಲೆ ಮುದ್ರಕನ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕೆಂದು ಪ್ರಜಾಪ್ರತಿನಿಧಿತ್ವದ ಶಾಸನ ವಿಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಕರಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕೊನೆಯ ಸಾಲಿನಲ್ಲಿ ಹೆಸರಿಲ್ಲದಿದ್ದರೆ ಮೊದಲ ಸಾಲನ್ನು ಓದುವ ಶ್ರಮ ಬೇಕಾಗಿಲ್ಲ.

ಹೆಸರಿದ್ದರೂ ಕೇಳಬೇಕಾದ ಪ್ರಶ್ನೆಗಳು ಮೂರು. ಬರೆದವನು ಕಂಡು ಬರೆದನೋ ಕೇಳಿ ಬರೆದನೋ? ಆರೋಪ ಅಧಿಕಾರ ನಡೆಸಿದ ರೀತಿಯ ಮೇಲಿದೆಯೋ, ಮನೆಯ ಬಾಗಿಲ ಮೇಲಿದೆಯೋ? ಉತ್ತರ ಕೊಡಲು ಹೊತ್ತು ಇರುವಾಗ ಹೊರಟಿತೋ, ಇಲ್ಲದಿರುವಾಗ ಹೊರಟಿತೋ? ಮನೆಯೊಳಗೂ ಹಿಂಸೆಯಿದ್ದರೆ, ಬಲಾತ್ಕಾರವಿದ್ದರೆ, ಆಗ ಅದು ಮನೆಯ ವಿಷಯವಾಗಿ ಉಳಿಯುವುದಿಲ್ಲ. ನೊಂದವರು ತಾವೇ ಬಾಯಿಬಿಟ್ಟಾಗ ಅದು ದೂರು, ಅದನ್ನು ಕೇಳಲೇಬೇಕು. ನೊಂದವರ ದೂರಿಗೂ ಮೂಗರ್ಜಿಗೂ ಇರುವ ಭೇದವನ್ನು ಮರೆತರೆ ನಾವು ಇನ್ನೊಂದು ಅನ್ಯಾಯಕ್ಕೆ ಇಳಿಯುತ್ತೇವೆ. ಒಂದರಲ್ಲಿ ಹೆಂಗಸು ತಾನೇ ಮಾತಾಡುತ್ತಾಳೆ, ಇನ್ನೊಂದರಲ್ಲಿ ಅವಳನ್ನು ಕೋಲಾಗಿ ಹಿಡಿದು ಮತ್ತೊಬ್ಬರನ್ನು ಹೊಡೆಯುತ್ತಾರೆ.

1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ನಮ್ಮ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿ ಕೆಲಸ ನಡೆಸಿದರು. ಜುಲೈ 25ರಂದು ಆ ಸ್ಥಾನಕ್ಕೆ ಬಂದವರು ಸಂಜೀವ ರೆಡ್ಡಿ. ಈ ಸಲ ಅವರಿಗೆ ಎದುರಾಳಿಯೇ ಇರಲಿಲ್ಲ, ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷಗಳ ಹಿಂದೆ ಸೆಂಟ್ರಲ್ ಹಾಲಿನಲ್ಲಿ ಕರಪತ್ರ ಓದಿದವರಲ್ಲಿ ಕೆಲವರಾದರೂ ಈಗ ಅದೇ ಹಾಲಿನಲ್ಲಿ ಅವರ ಪ್ರಮಾಣವಚನಕ್ಕೆ ಎದ್ದು ನಿಂತಿರಬೇಕು. ಅಂದು ಓದಿದ್ದನ್ನು ನಂಬಿದ್ದರೆ ಇಂದು ಸುಮ್ಮನಿದ್ದುದೇಕೆ? ನಂಬದಿದ್ದರೆ ಅಂದು ಅದನ್ನು ಪಕ್ಕದವರ ಕೈಗೆ ದಾಟಿಸಿದ್ದೇಕೆ? ಮುಂದಿನ ಚುನಾವಣೆಗೆ ಮುನ್ನ ಈ ಪ್ರಶ್ನೆಯನ್ನು ನಾವೂ ಒಂದು ಸಲ ಕೇಳಿಕೊಳ್ಳುವುದು ಒಳ್ಳೆಯದು.